ಮೇಲಿನಿಂದ ಕಂಡ ಹಟ್ಟಿ

ನಮ್ಮ ಹುಮನಾಬಾದ್, ಬಸವಕಲ್ಯಾಣದ ಕಡೆ ನೆಲ ಅಗೆದರೆ ಚಿನ್ನ ಸಿಗದು. ಜಂಬಿಟ್ಟಿಗೆ ಸಿಕ್ಕೀತು, ಇಲ್ಲವೇ ಕರಿಕಲ್ಲು. ಆದರೆ 1948ರವರೆಗೆ ನಮ್ಮಂತೆಯೇ ನಿಜಾಮನ ಆಳ್ವಿಕೆಯಲ್ಲಿದ್ದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನವಿತ್ತು. 1915ರಲ್ಲಿ ಆ ಸೀಮೆಯ ಮಸ್ಕಿಯಲ್ಲಿ ಅಶೋಕನ ಶಾಸನ ಕಂಡವನು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. (ಚಿನ್ನಕ್ಕಿಂತ ದೊಡ್ಡದೇ ಸಿಕ್ಕಿತೆನ್ನಿ.) 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಹುಟ್ಟಿತು, ಇಂದಿನ ಹಟ್ಟಿ ಕಂಪನಿ ಅದೇ.

ಭೂಗೋಳ ಪಾಠ ಹೇಳುವ ನಾನು ಮಕ್ಕಳಿಗೆ ಹಟ್ಟಿಯನ್ನು ತೋರಿಸುವುದು ಉಪಗ್ರಹ ಚಿತ್ರದಲ್ಲಿ. 1972ರ ಮೊದಲ ಲ್ಯಾಂಡ್‌ಸ್ಯಾಟ್‌ಗೆ ಒಂದು ಚುಕ್ಕೆಯೆಂದರೆ ಸುಮಾರು 80 ಮೀಟರ್ ನೆಲ. 2015ರ ಸೆಂಟಿನೆಲ್-2ಕ್ಕೆ 10 ಮೀಟರ್. ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ನುಣ್ಣಗೆ ಅರೆದು ಸೈನೈಡಿನಲ್ಲಿ ತೊಳೆದ ಹುಡಿ. ಹೊಲಗಳ ನಡುವೆ ಅದು ಬೂದುಬಿಳಿ ಮಚ್ಚೆಯಾಗಿ ಕಾಣುತ್ತದೆ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ದಿಬ್ಬಗಳೂ ಹಾಗೆಯೇ, ಇನ್ನೂ ಎದ್ದು ಕಾಣುತ್ತವೆ.

ಮಚ್ಚೆ ಎಷ್ಟು ಹರಡಿತು, ಹಸಿರು ಎಲ್ಲಿ ಕುಗ್ಗಿತು ಎಂಬುದನ್ನು ವರ್ಷವರ್ಷದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಅಳೆಯಬಹುದು. ಚಿನ್ನದ ಅದಿರಿನ ಜೊತೆ ಬರುವ ಆರ್ಸೆನಿಕ್ ಬಾವಿಯ ನೀರಲ್ಲಿ ಎಷ್ಟಿದೆ ಎಂದು ಮಾತ್ರ ಉಪಗ್ರಹ ಹೇಳಲಾರದು. ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೇ ಒಯ್ಯಬೇಕು.