ಮತಗಳ ಮರುಎಣಿಕೆ

ಚುನಾವಣೆಯಲ್ಲಿ ಗೆಲುವಿನ ಅಂತರವು ಅತ್ಯಲ್ಪವಾದಾಗ ಮತಪತ್ರಗಳನ್ನು ಮತ್ತೊಮ್ಮೆ, ಬಹುಮಟ್ಟಿಗೆ ಕೈಯಿಂದಲೇ, ಪರಿಶೀಲಿಸಿ ಎಣಿಸುವ ವಿಧಾನ. ಯಂತ್ರವು ಓದಲಾರದ ಗುರುತನ್ನು ಮನುಷ್ಯನ ಕಣ್ಣು ಗ್ರಹಿಸಬಲ್ಲುದಾದರೂ ಆ ಕಣ್ಣಿಗೆ ಆಯಾಸವೂ ಪಕ್ಷಪಾತವೂ ತಪ್ಪಿದ್ದಲ್ಲ. ಆದುದರಿಂದ ಮರುಎಣಿಕೆಯ ಇತಿಹಾಸವೆಂಬುದು ಬಹುಪಾಲು, ಯಾವ ಗುರುತನ್ನು ಮತವೆಂದು ಗಣಿಸತಕ್ಕದ್ದೆಂಬ ನಿಯಮದ ಇತಿಹಾಸವೇ ಆಗಿದೆ.

ಅಂಥ ನಿಯಮದ ಅಭಾವವು ಎಂತಹ ಗೊಂದಲಕ್ಕೆ ಎಡೆಗೊಡುವುದೆಂಬುದು ಅಮೆರಿಕದ 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಪ್ರಕಟವಾಯಿತು. ಫ್ಲಾರಿಡಾ ರಾಜ್ಯದ ಹಲವು ಕೌಂಟಿಗಳಲ್ಲಿ ಮತದಾರರು ಕಾರ್ಡಿಗೆ ರಂಧ್ರ ಕೊರೆದು ಮತ ನೀಡುತ್ತಿದ್ದರು. ಮರುಎಣಿಕೆಯ ವೇಳೆ, ಪೂರ್ತಿಯಾಗಿ ಕಳಚದೆ ಜೋತುಬಿದ್ದ, ಅಥವಾ ಕೇವಲ ತಗ್ಗುಬಿದ್ದ ಕಾರ್ಡಿನ ಚೂರನ್ನು ಒಂದು ಕಡೆಯ ಎಣಿಕೆದಾರರು ಮತವೆಂದೂ ಮತ್ತೊಂದು ಕಡೆಯವರು ಅಲ್ಲವೆಂದೂ ಬಗೆದರು. ಏಕರೂಪದ ಮಾನದಂಡವಿಲ್ಲದ ಈ ಎಣಿಕೆಯು ಸಮಾನ ರಕ್ಷಣೆಯ ತತ್ತ್ವಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಡಿಸೆಂಬರ್ 12ರಂದು ತೀರ್ಪಿತ್ತು. ಎಣಿಕೆ ಅಲ್ಲಿಗೇ ನಿಂತುದರಿಂದ ಜಾರ್ಜ್ ಬುಷ್ 537 ಮತಗಳ ಅಂತರದಿಂದ ಆ ರಾಜ್ಯವನ್ನು ಗೆದ್ದರು.

ಎಂಟು ವರ್ಷಗಳ ತರುವಾಯ ಮಿನೆಸೋಟ ರಾಜ್ಯದ ಸೆನೆಟ್ ಚುನಾವಣೆಯಲ್ಲಿ ನಾರ್ಮ್ ಕೋಲ್ಮನ್ ಮೊದಲು 215 ಮತಗಳಿಂದ ಮುಂದಿದ್ದರು. ಸುಮಾರು 29 ಲಕ್ಷ ಮತಪತ್ರಗಳನ್ನು ಉಭಯ ಪಕ್ಷದವರ ಸಮಕ್ಷಮದಲ್ಲಿ ಕೈಯಿಂದ ಎಣಿಸಲಾಯಿತಲ್ಲದೆ, ವಿವಾದಾಸ್ಪದವಾದವುಗಳನ್ನು ನ್ಯಾಯಾಧೀಶರಿದ್ದ ಐವರ ಮಂಡಳಿಯು ಬಹಿರಂಗವಾಗಿ ಒಂದೊಂದಾಗಿ ನಿರ್ಣಯಿಸಿತು. ಕೋಲ್ಮನ್‌ರ ಎದುರಾಳಿ ಆಲ್ ಫ್ರಾಂಕನ್‌ರ ಹೆಸರಿನ ಮುಂದಿನ ವೃತ್ತವನ್ನು ತುಂಬಿಯೂ ಕೆಳಗೆ ‘ಹಲ್ಲಿಜನ’ ಎಂಬ ಬೇರೊಂದು ಹೆಸರನ್ನು ಬರೆದಿದ್ದ ಒಂದು ಮತಪತ್ರವನ್ನು ಮಂಡಳಿಯು ಚರ್ಚಿಸಿ ತಿರಸ್ಕರಿಸಿತು. ಅಂಚೆಯ ಮೂಲಕ ಬಂದು ತಪ್ಪಾಗಿ ತಿರಸ್ಕೃತವಾಗಿದ್ದ ಮತಗಳೂ ಸೇರಿ, ಕೊನೆಗೆ ಫ್ರಾಂಕನ್ 312 ಮತಗಳಿಂದ ಗೆದ್ದರು. ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2009ರ ಜೂನ್ 30ರಂದು ಇದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು.

ಭಾರತದಲ್ಲಿ 1961ರ ಚುನಾವಣಾ ನಿರ್ವಹಣಾ ನಿಯಮಗಳ 63ನೆಯ ನಿಯಮದಂತೆ ಅಭ್ಯರ್ಥಿಯು ಕಾರಣಸಹಿತವಾಗಿ ಲಿಖಿತ ಅರ್ಜಿ ಸಲ್ಲಿಸಿ ಮರುಎಣಿಕೆಯನ್ನು ಕೋರಬಹುದು. ಮತದಾನದ ಗೋಪ್ಯತೆಯನ್ನು ಕಾಪಾಡಬೇಕಾದುದರಿಂದ, ಕೇವಲ ಶಂಕೆಯ ಮೇಲೆ ಮತಪತ್ರಗಳ ಪರಿಶೀಲನೆಗೆ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1964ರಲ್ಲಿಯೇ ವಿಧಿಸಿತು. 2004ರಲ್ಲಿ ಕರ್ನಾಟಕದ ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತಗಳನ್ನೂ ಎ. ಆರ್. ಕೃಷ್ಣಮೂರ್ತಿ 40,751 ಮತಗಳನ್ನೂ ಪಡೆದಾಗ ಬಳಕೆಯಲ್ಲಿದ್ದುದು ವಿದ್ಯುನ್ಮಾನ ಮತಯಂತ್ರ. ಅದರಲ್ಲಿ ಮರುಎಣಿಕೆಯೆಂದರೆ ಅದೇ ಅಂಕಿಯನ್ನು ಮತ್ತೊಮ್ಮೆ ಓದುವುದಷ್ಟೇ. 2013ರಲ್ಲಿ, ಮತ ಯಾರಿಗೆ ಬಿತ್ತೆಂಬುದನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಚೀಟಿಗಳು ಬಂದ ಮೇಲೆ ಕೈ ಎಣಿಕೆಗೆ ಮರಳಿ ಆಸ್ಪದ ದೊರೆಯಿತು. ಯಂತ್ರದ ಲೆಕ್ಕಕ್ಕೂ ಚೀಟಿಗಳ ಲೆಕ್ಕಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಚೀಟಿಗಳ ಲೆಕ್ಕವೇ ಪ್ರಮಾಣವೆಂದು ಈಗಿನ ನಿಯಮವು ಸಾರುತ್ತದೆ.