ಮನೆಗೆ ಬೆಳಕು ನೀಡುವ ಕಾರು

ವಿದ್ಯುತ್ ಚಾಲಿತ ವಾಹನವು ತನ್ನ ಬ್ಯಾಟರಿಯಲ್ಲಿರುವ ವಿದ್ಯುತ್ತನ್ನು ಮನೆಗೆ ಅಥವಾ ವಿದ್ಯುತ್ ಜಾಲಕ್ಕೆ ಮರಳಿ ನೀಡುವ ವ್ಯವಸ್ಥೆಯನ್ನು ದ್ವಿಮುಖ ಚಾರ್ಜಿಂಗ್ ಎನ್ನುತ್ತಾರೆ. ಅಮೆರಿಕದ ವಿಲೆಟ್ ಕೆಂಪ್ಟನ್ ಮತ್ತು ಸ್ಟೀವನ್ ಲೆಟೆಂಡ್ರ 1997ರ ತಮ್ಮ ಪ್ರಬಂಧದಲ್ಲಿ ಈ ಕಲ್ಪನೆಯನ್ನು ಮಂಡಿಸಿದರು. ದಿನದ ಬಹುಪಾಲು ಹೊತ್ತು ಕಾರು ಸುಮ್ಮನೆ ನಿಂತಿರುತ್ತದೆ ಎಂಬುದೇ ಇದಕ್ಕೆ ಆಧಾರ.

ಈ ಕಲ್ಪನೆಯನ್ನು ಮನೆಬಾಗಿಲಿಗೆ ತಂದ ದೇಶ ಜಪಾನ್. 2011ರ ಮಾರ್ಚ್ 11ರ ಭೂಕಂಪ ಹಾಗೂ ಸುನಾಮಿಯ ಬಳಿಕ ಅಲ್ಲಿ ವಿದ್ಯುತ್ ಕೊರತೆ ತೀವ್ರವಾಯಿತು. ಮರುವರ್ಷವೇ ನಿಸ್ಸಾನ್ ಕಂಪನಿಯು 'ಲೀಫ್ ಟು ಹೋಮ್' ವ್ಯವಸ್ಥೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಲೀಫ್ ಕಾರಿನ 24 ಯೂನಿಟ್ ಸಾಮರ್ಥ್ಯದ ಬ್ಯಾಟರಿಯು ಜಪಾನಿನ ಸಾಮಾನ್ಯ ಮನೆಯೊಂದಕ್ಕೆ ಸುಮಾರು 2 ದಿನ ಸಾಕಾಗುತ್ತದೆ ಎಂಬುದು ಕಂಪನಿಯ ಲೆಕ್ಕಾಚಾರವಾಗಿತ್ತು.

ಬ್ಯಾಟರಿಯಲ್ಲಿರುವುದು ನೇರ ವಿದ್ಯುತ್. ಮನೆಯ ಉಪಕರಣಗಳಿಗೆ ಬೇಕಿರುವುದು ಪರ್ಯಾಯ ವಿದ್ಯುತ್. ಈ ಪರಿವರ್ತನೆಯನ್ನು ಇನ್ವರ್ಟರ್ ಮಾಡುತ್ತದೆ. ಭಾರತದಲ್ಲಿ 2023ರಲ್ಲಿ ಬಂದ ಹ್ಯುಂಡೈ ಅಯೋನಿಕ್ 5 ಹಾಗೂ ಅದೇ ವರ್ಷ ಪರಿಷ್ಕೃತಗೊಂಡ ಟಾಟಾ ನೆಕ್ಸಾನ್ ಇವಿ ಕಾರುಗಳಿಂದ ಫ್ಯಾನು, ದೀಪಗಳಂತಹ ಉಪಕರಣಗಳನ್ನು ನಡೆಸಬಹುದು. ಆದರೆ ಇಡೀ ಮನೆಗೆ ವಿದ್ಯುತ್ ನೀಡುವುದು ಬೇರೆಯೇ ಮಾತು. ಕರೆಂಟು ಹೋದಾಗ ಮನೆಯ ಸಂಪರ್ಕವು ಹೊರಗಿನ ತಂತಿಯಿಂದ ತಾನಾಗಿಯೇ ಕಡಿತಗೊಳ್ಳಬೇಕು. ಇಲ್ಲವಾದಲ್ಲಿ ಕಾರಿನ ವಿದ್ಯುತ್ ಹೊರಕ್ಕೆ ಹರಿದು, ದುರಸ್ತಿಗೆಂದು ಕಂಬ ಏರಿದ ಲೈನ್‌ಮನ್‌ನ ಜೀವಕ್ಕೇ ಕುತ್ತು ತರಬಹುದು.

ಜಾಲಕ್ಕೆ ಕಾರುಗಳು ನೆರವಾದ ನಿದರ್ಶನ ಆಸ್ಟ್ರೇಲಿಯಾದಲ್ಲಿದೆ. 2024ರ ಫೆಬ್ರುವರಿ 13ರಂದು ವಿಕ್ಟೋರಿಯಾ ರಾಜ್ಯದಲ್ಲಿ ಬಿರುಗಾಳಿಗೆ ಪ್ರಸರಣ ಗೋಪುರಗಳು ಉರುಳಿ, ಲಕ್ಷಾಂತರ ಗ್ರಾಹಕರು ಕತ್ತಲಲ್ಲಿ ಮುಳುಗಿದರು. ಜಾಲದಲ್ಲಿ ಏರುಪೇರಾದದ್ದನ್ನು ಗ್ರಹಿಸಿದ ಕೂಡಲೇ, ದೂರದ ಕ್ಯಾನ್ಬೆರಾದಲ್ಲಿ ಪ್ರಯೋಗಕ್ಕೆ ಒಳಪಟ್ಟಿದ್ದ ಕಾರುಗಳು ಜಾಲಕ್ಕೆ ವಿದ್ಯುತ್ ಹರಿಸತೊಡಗಿದವು. ಒಟ್ಟು 107 ಕಿಲೋವ್ಯಾಟ್ ದೊರೆಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಪ್ರಯೋಗದ 51 ಕಾರುಗಳ ಪೈಕಿ ಆ ಹೊತ್ತಿನಲ್ಲಿ ಪ್ಲಗ್‌ಗೆ ಜೋಡಣೆಯಾಗಿದ್ದುದು 16 ಮಾತ್ರ. ರಸ್ತೆಯಲ್ಲಿ ಓಡುವ ಕಾರು ಜಾಲಕ್ಕೆ ಒದಗದು. ಬೆಳಗ್ಗೆ ಕಚೇರಿಗೆ ತೆರಳಲು ಎಷ್ಟು ಚಾರ್ಜ್ ಉಳಿದೀತು, ಪದೇಪದೇ ವಿದ್ಯುತ್ ಹರಿಸುವುದರಿಂದ ಆಗುವ ಬ್ಯಾಟರಿ ಸವೆತಕ್ಕೆ ಪರಿಹಾರವೇನು ಎಂದು ಮಾಲೀಕ ಕೇಳುವುದು ಸಹಜ. ಈ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ದೊರೆತಾಗಲೇ ಆತ ತನ್ನ ಕಾರನ್ನು ಜಾಲದ ನೆರವಿಗೆ ಒಪ್ಪಿಸಿಯಾನು.