ಸನದು ಕೈಗೆ ಬಂದ ಮೇಲೆ
ವಕೀಲಿ ವೃತ್ತಿಯ ಮೊದಲ ವರ್ಷಗಳು: ಒಂದು ಚಾರಿತ್ರಿಕ ನೋಟ



ಪ್ರತಿವರ್ಷ ವಿದ್ಯಾರ್ಥಿವೇತನ ವಿತರಣೆಯ ದಿನ ಕಾನೂನು ಓದುತ್ತಿರುವ ಇಬ್ಬರು ಮೂವರು ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳುತ್ತಾರೆ: "ಸಾರ್, ಎಲ್‌ಎಲ್.ಬಿ. ಏನೋ ಮುಗಿಯುತ್ತದೆ, ಆಮೇಲೆ ಏನು?" ಇಂಜಿನಿಯರಿಂಗ್ ಓದಿದವನ ಕಾಲೇಜಿಗೇ ಕಂಪೆನಿಯವರು ಬರುತ್ತಾರೆ. ಬಿ.ಎಡ್. ಮಾಡಿದವಳಿಗೆ ಶಾಲೆಗಳಿವೆ. ಕಪ್ಪು ಕೋಟು ಹೊಲಿಸಿಕೊಂಡು ಕೋರ್ಟಿನ ಜಗಲಿಯಲ್ಲಿ ನಿಂತ ಹೊಸ ವಕೀಲನ ಬಳಿಗೆ ಯಾರು ಬರುತ್ತಾರೆ? ಮನೆಯಲ್ಲಿ ತಂದೆಯೋ ಚಿಕ್ಕಪ್ಪನೋ ವಕೀಲರಾಗಿದ್ದರೆ ಮಾತು ಬೇರೆ. ನಮ್ಮ ಹೆಚ್ಚಿನ ಮಕ್ಕಳಿಗೆ ಆ ಅನುಕೂಲವಿಲ್ಲ. ಈ ಪ್ರಶ್ನೆಗೆ ನಾನು ಬುದ್ಧಿವಾದ ಹೇಳುವುದಕ್ಕಿಂತ, ಹಿಂದಿನವರು ಈ ಕಷ್ಟದ ಕಾಲವನ್ನು ಹೇಗೆ ದಾಟಿದರು ಎಂಬುದನ್ನು ನಿಮ್ಮ ಮುಂದಿಡುವುದೇ ಮೇಲೆಂದು ತೋರಿತು.

ಮೊದಲಿಗೆ ಒಂದು ಮಾತು ಗಮನಿಸಿ. ವಕೀಲ, ವಕಾಲತ್ತು, ಸನದು, ದಾವೆ, ಫಿರ್ಯಾದಿ, ಜಾಮೀನು, ವಾಯಿದೆ, ಕೈಫಿಯತ್ತು, ಅಮೀನ, ಮುನ್ಸೀಫ. ನಮ್ಮ ಯಾವುದೇ ತಾಲೂಕು ಕೋರ್ಟಿಗೆ ಹೋದರೂ ಕಿವಿಗೆ ಬೀಳುವ ಈ ಶಬ್ದಗಳೆಲ್ಲ ಅರಬ್ಬಿ, ಫಾರಸಿಯಿಂದ ಬಂದು ಕನ್ನಡವೇ ಆಗಿಬಿಟ್ಟಿವೆ. ಬ್ರಿಟಿಷರು ಬರುವ ಮೊದಲೂ, ಬಂದ ಮೇಲೆ ಬಹುಕಾಲವೂ ದೇಶದ ಅನೇಕ ಕಡೆ ಆಡಳಿತ ಮತ್ತು ನ್ಯಾಯದ ಭಾಷೆ ಫಾರಸಿಯಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 1793ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಬಂಗಾಳದ ನ್ಯಾಯಾಲಯಗಳಲ್ಲಿ ವಕೀಲರ ನೇಮಕಕ್ಕೆ ಒಂದು ನಿಯಮಾವಳಿ ತಂದಿತು. ಅದರಂತೆ ಹಿಂದೂ ಮತ್ತು ಮುಸ್ಲಿಮರಿಗೆ ಮಾತ್ರ ಸನದು. ಅಭ್ಯರ್ಥಿಗಳನ್ನು ಕಲ್ಕತ್ತೆಯ ಮದ್ರಸಾ ಮತ್ತು ಬನಾರಸಿನ ಹಿಂದೂ ಕಾಲೇಜಿನ ವಿದ್ಯಾರ್ಥಿಗಳಿಂದ ಆರಿಸಿಕೊಳ್ಳಬೇಕಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೂ ಒಂದು ಕ್ಯಾಂಪಸ್ ನೇಮಕಾತಿಯೇ! 1846ರಲ್ಲಿ ಆ ನಿರ್ಬಂಧ ಹೋಗಿ, ಯಾವ ಧರ್ಮದವರಾದರೂ ಅರ್ಹತೆ ಇದ್ದರೆ ವಕೀಲರಾಗಬಹುದೆಂಬ ಕಾಯಿದೆ ಬಂತು.

ಅಷ್ಟರಲ್ಲಿ ಭಾಷೆಯೇ ಬದಲಾಗಿತ್ತು. 1837ರಲ್ಲಿ ಫಾರಸಿಯನ್ನು ಕೋರ್ಟುಗಳಿಂದ ತೆಗೆಯಲು ಕಾನೂನಾಯಿತು. ಮೇಲಿನ ಕೋರ್ಟುಗಳಲ್ಲಿ ಇಂಗ್ಲಿಷ್, ಕೆಳಗಿನವುಗಳಲ್ಲಿ ಆಯಾ ಪ್ರಾಂತದ ಭಾಷೆ. ಇಂಗ್ಲಿಷ್ ಶಾಲೆಗೆ ಬೇಗ ಹೋದವರು ಮುಂದೆ ಬಂದರು, ತಡಮಾಡಿದವರು ಹಿಂದೆ ಉಳಿದರು. ಡಬ್ಲ್ಯು.ಡಬ್ಲ್ಯು. ಹಂಟರ್ ಎಂಬ ಅಧಿಕಾರಿ 1871ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾನೆ. 1852ರಿಂದ 1868ರವರೆಗೆ ಕಲ್ಕತ್ತೆಯಲ್ಲಿ ವಕೀಲಿಗೆ ಸೇರಿಸಿಕೊಂಡ 240 ಭಾರತೀಯರಲ್ಲಿ ಮುಸ್ಲಿಮನು ಒಬ್ಬನೇ ಒಬ್ಬ. ಹಂಟರನ ಮಾತನ್ನು ಇಡೀ ದೇಶಕ್ಕೆ ಹಚ್ಚುವುದು ಸರಿಯಲ್ಲವೆಂದು ನಂತರದ ಇತಿಹಾಸಕಾರರು ಹೇಳಿದ್ದಾರೆ. ಅದು ನಿಜ, ಅದು ಬಂಗಾಳದ ಕಥೆ. ಉತ್ತರದ ಪ್ರಾಂತಗಳಲ್ಲಿ ಸ್ಥಿತಿ ಅಷ್ಟು ಕೆಟ್ಟಿರಲಿಲ್ಲ. ಅಲ್ಲಿ ಸರ್ ಸೈಯದ್ ಅಹ್ಮದ್ ಖಾನರ ಮಗ ಸೈಯದ್ ಮಹಮೂದ್ 1887ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾದರು. ಆದರೂ 240ಕ್ಕೆ ಒಂದು ಎಂಬ ಸಂಖ್ಯೆಯನ್ನು ಓದಿದಾಗ ನನಗೆ ಇಂದಿಗೂ ಕಸಿವಿಸಿಯಾಗುತ್ತದೆ.

ಅದೇ ವರ್ಷಗಳಲ್ಲಿ ಮುಂಬಯಿಯ ತಯ್ಯಬ್‌ಜೀ ಮನೆತನ ಮಾಡಿದ್ದೇ ಬೇರೆ. ಅಣ್ಣ ಕಮ್ರುದ್ದೀನ್ 1858ರಲ್ಲಿ ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆದರು, ಹಾಗೆ ಆದ ಮೊದಲ ಭಾರತೀಯರು ಅವರೇ. ತಮ್ಮ ಬದ್ರುದ್ದೀನ್ 1844ರಲ್ಲಿ ಹುಟ್ಟಿದವರು, 1860ರಲ್ಲಿ ಹಡಗು ಹತ್ತಿದರು. ನಡುವೆ ಕಣ್ಣಿನ ತೊಂದರೆಯಾಗಿ ಓದು ನಿಲ್ಲಿಸಿ ಊರಿಗೆ ಮರಳಬೇಕಾಯಿತು. ಕಣ್ಣು ಸುಧಾರಿಸಿದ ಮೇಲೆ ಮತ್ತೆ ಹೋಗಿ 1867ರಲ್ಲಿ ಬ್ಯಾರಿಸ್ಟರ್ ಆಗಿ ಬಂದರು. ಮುಂಬಯಿ ಹೈಕೋರ್ಟಿನ ಮೊದಲ ಭಾರತೀಯ ಬ್ಯಾರಿಸ್ಟರ್ ಅವರು.

ಇಲ್ಲಿ ಒಂದು ಸೂಕ್ಷ್ಮ ತಿಳಿದಿರಬೇಕು. ಆಗ ಮುಂಬಯಿ ಹೈಕೋರ್ಟಿನ ಮೂಲ ವಿಭಾಗದಲ್ಲಿ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರ್ ಬಳಿ ಬರುವಂತಿರಲಿಲ್ಲ. ಸಾಲಿಸಿಟರ್ ಕಾಗದಪತ್ರ ಸಿದ್ಧಮಾಡಿ ಬ್ಯಾರಿಸ್ಟರಿಗೆ ಒಪ್ಪಿಸಬೇಕು. ಇಂಗ್ಲಿಷ್ ಸಾಲಿಸಿಟರುಗಳು ಇಂಗ್ಲಿಷ್ ಬ್ಯಾರಿಸ್ಟರುಗಳನ್ನೇ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅಣ್ಣ ಸಾಲಿಸಿಟರ್ ಆಗಿದ್ದುದು ತಮ್ಮನಿಗೆ ಎಷ್ಟು ದೊಡ್ಡ ಆಸರೆ ಎಂದು ಯೋಚಿಸಿ. ಇದನ್ನು ಮುಚ್ಚಿಡಬೇಕಾಗಿಲ್ಲ. ದೊಡ್ಡವರ ಜೀವನ ಬರೆಯುವಾಗ ನಾವು ಪ್ರತಿಭೆಯನ್ನಷ್ಟೇ ಹೊಗಳುತ್ತೇವೆ, ಬಾಗಿಲು ತೆರೆದವರ ಹೆಸರು ಬಿಟ್ಟುಬಿಡುತ್ತೇವೆ. ಬದ್ರುದ್ದೀನರು 1887ರಲ್ಲಿ ಮದರಾಸಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು, 1895ರಲ್ಲಿ ನ್ಯಾಯಾಧೀಶರಾದರು. 1897ರಲ್ಲಿ ರಾಜದ್ರೋಹದ ಮೊಕದ್ದಮೆಯಲ್ಲಿ ಲೋಕಮಾನ್ಯ ತಿಲಕರಿಗೆ ಜಾಮೀನು ಕೊಟ್ಟವರೂ ಅವರೇ. ಈ ಅಣ್ಣತಮ್ಮಂದಿರು ತಮಗೆ ಸಿಕ್ಕಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1874ರಲ್ಲಿ ಮುಂಬಯಿಯಲ್ಲಿ ಅಂಜುಮನ್-ಎ-ಇಸ್ಲಾಂ ಕಟ್ಟಿದಾಗ ಅಣ್ಣ ಅದರ ಮೊದಲ ಅಧ್ಯಕ್ಷರು, ತಮ್ಮ ಕಾರ್ಯದರ್ಶಿ.

ಇನ್ನು, ಅಣ್ಣ ಸಾಲಿಸಿಟರ್ ಆಗಿರದವರ ಕಥೆ. ನಿಮಗೆಲ್ಲ ಪರಿಚಿತರಾದ ಒಬ್ಬರನ್ನೇ ತೆಗೆದುಕೊಳ್ಳುತ್ತೇನೆ. ಅವರು ಮೋಹನದಾಸ ಕರಮಚಂದ ಗಾಂಧಿ.

1891ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆಗಿ ಲಂಡನ್ನಿನಿಂದ ಬಂದ ಇಪ್ಪತ್ತೊಂದರ ಯುವಕ, ಅನುಭವಕ್ಕೆಂದು ಮುಂಬಯಿಗೆ ಹೋದರು. ರೋಮನ್ ಕಾನೂನು ಓದಿದ್ದರು, ಇಂಗ್ಲೆಂಡಿನ ಕಾನೂನು ಗೊತ್ತಿತ್ತು. ಭಾರತದ ಕೋರ್ಟಿನಲ್ಲಿ ಒಂದು ದಾವೆಯ ಅರ್ಜಿ ಹೇಗಿರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹೈಕೋರ್ಟಿನಲ್ಲಿ ಕೂತು ವಾದ ಕೇಳುತ್ತ ತೂಕಡಿಸುತ್ತಿದ್ದೆನೆಂದು ಅವರೇ ಬರೆದುಕೊಂಡಿದ್ದಾರೆ. ಮೊದಲ ಕೇಸು ಸ್ಮಾಲ್ ಕಾಸ್ ಕೋರ್ಟಿನಲ್ಲಿ, ಮಮೀಬಾಯಿ ಎಂಬಾಕೆಯದು. ಕೇಸು ತಂದ ದಲ್ಲಾಳಿಗೆ ಕಮಿಷನ್ ಕೊಡಬೇಕೆಂದರು, ಇವರು ಕೊಡಲಿಲ್ಲ. ಶುಲ್ಕ 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತಾಗ ತಲೆ ತಿರುಗಿದಂತಾಗಿ ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಕೂತುಬಿಟ್ಟರು. ಕೇಸನ್ನು ಇನ್ನೊಬ್ಬ ವಕೀಲರಿಗೆ ಕೊಡಿರೆಂದು ಹೇಳಿದರು. ಆ ವಕೀಲರು 51 ರೂಪಾಯಿ ತೆಗೆದುಕೊಂಡು ಕೆಲಸ ಮುಗಿಸಿದರು. ಗಾಂಧಿಯವರು ಧೈರ್ಯ ಬರುವವರೆಗೆ ಕೇಸು ಹಿಡಿಯಬಾರದೆಂದುಕೊಂಡರು. ದಕ್ಷಿಣ ಆಫ್ರಿಕಕ್ಕೆ ಹೋಗುವವರೆಗೆ ಮತ್ತೆ ಕೋರ್ಟಿನಲ್ಲಿ ವಾದಿಸಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ಕೇಳಿ. ಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡಿತು: ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸಲು ಶಿಕ್ಷಕರು ಬೇಕು, ಸಂಬಳ 75 ರೂಪಾಯಿ. ಅರ್ಜಿ ಹಾಕಿದರು, ಸಂದರ್ಶನಕ್ಕೂ ಹೋದರು. ಪದವೀಧರರಲ್ಲವೆಂದು ಕೆಲಸ ಕೊಡಲಿಲ್ಲ. ಲಂಡನ್ನಿನ ಮೆಟ್ರಿಕ್ಯುಲೇಷನ್ ಮಾಡಿದ್ದೇನೆ, ಲ್ಯಾಟಿನ್ ಬರುತ್ತದೆ ಎಂದು ಹೇಳಿಕೊಂಡರೂ ಪ್ರಯೋಜನವಾಗಲಿಲ್ಲ. ಮುಂಬಯಿಯ ಖರ್ಚು ತಡೆಯಲಾರದೆ ಸುಮಾರು ಆರು ತಿಂಗಳಿಗೆ ರಾಜಕೋಟೆಗೆ ಮರಳಿದರು. ಅಲ್ಲಿ ಅರ್ಜಿ, ಮನವಿಗಳ ಕರಡು ಬರೆದು ತಿಂಗಳಿಗೆ ಸುಮಾರು 300 ರೂಪಾಯಿ ಸಂಪಾದಿಸಿದರು. ಅದೂ ಸ್ವಂತ ಹೆಸರಿನಿಂದಲ್ಲ, ಅಣ್ಣನ ಪಾಲುದಾರ ವಕೀಲರ ಪರಿಚಯದಿಂದ. ಮುಂಬಯಿಯಲ್ಲಿ ನಿರಾಕರಿಸಿದ ಕಮಿಷನ್ ವಿಷಯದಲ್ಲಿ ಇಲ್ಲಿ ರಾಜಿಯಾಗಬೇಕಾಯಿತೆಂದು ಅವರು ಒಪ್ಪಿಕೊಂಡಿದ್ದಾರೆ. ಅಷ್ಟು ಪ್ರಾಮಾಣಿಕವಾಗಿ ತನ್ನ ಮೊದಲ ವರ್ಷಗಳನ್ನು ಬರೆದ ಇನ್ನೊಬ್ಬ ವಕೀಲರನ್ನು ನಾನು ಓದಿಲ್ಲ.

ಕೊನೆಗೆ ಅವರಿಗೆ ಕೆಲಸ ಕೊಟ್ಟವರು ಪೋರಬಂದರಿನ ಮುಸ್ಲಿಂ ವ್ಯಾಪಾರಿಗಳು, ದಾದಾ ಅಬ್ದುಲ್ಲಾ ಅಂಡ್ ಕಂಪೆನಿ. ದಕ್ಷಿಣ ಆಫ್ರಿಕದಲ್ಲಿ ಅವರದು 40,000 ಪೌಂಡಿನ ದಾವೆ. ಹೋಗಿಬರುವ ಮೊದಲ ದರ್ಜೆಯ ಟಿಕೆಟ್, ಊಟ ವಸತಿ, ಮೇಲೆ 105 ಪೌಂಡ್. ವಾದಿಸಲು ಅಲ್ಲಿ ಯೂರೋಪಿಯನ್ ವಕೀಲರಿದ್ದರು. ಹಾಗಾದರೆ ಇವರೇಕೆ? ಸೇಠರ ಲೆಕ್ಕಪತ್ರ, ಪತ್ರವ್ಯವಹಾರ ಗುಜರಾತಿಯಲ್ಲಿತ್ತು. ಅದನ್ನು ಓದಿ ವಕೀಲರಿಗೆ ಇಂಗ್ಲಿಷಿನಲ್ಲಿ ತಿಳಿಸುವವರು ಬೇಕಿತ್ತು. 1893ರಲ್ಲಿ ಅಲ್ಲಿಗೆ ಹೋದ ಗಾಂಧಿಯವರು ಜಮಾ-ಖರ್ಚಿನ ಪರಿಭಾಷೆ ತಿಳಿಯದೆ, ಪುಸ್ತಕ ಕೊಂಡು ಲೆಕ್ಕ ಬರೆಯುವ ವಿದ್ಯೆ ಕಲಿತರು. ಇಡೀ ಕೇಸು ಲೆಕ್ಕದ ಮೇಲೆಯೇ ನಿಂತಿತ್ತು. ಕಡೆಗೆ ಎದುರು ಪಕ್ಷದ ತಯ್ಯಬ್ ಸೇಠರನ್ನೂ ಒಪ್ಪಿಸಿ ಪಂಚಾಯ್ತಿಗೆ ತಂದರು. ಗೆದ್ದ ಮೇಲೆ ಸೋತವರು ದಿವಾಳಿಯಾಗದಂತೆ ಹಣವನ್ನು ಕಂತಿನಲ್ಲಿ ಕೊಡುವ ಏರ್ಪಾಟೂ ಮಾಡಿದರು.

ಮಕ್ಕಳೇ, ಮಾತೃಭಾಷೆಯೊಂದು ಕೆಲಸ ಕೊಡಿಸಿದ್ದು ಇದರಲ್ಲಿ ಕಾಣುವುದಿಲ್ಲವೇ? ನಮ್ಮ ಮನೆಗಳಲ್ಲಿ ಉರ್ದು, ಬ್ಯಾರಿ, ನವಾಯತಿ ಆಡುತ್ತೇವೆ. ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತೇವೆ. ನಡುವೆ ಕನ್ನಡ ಸೊರಗುತ್ತದೆ. ತಾಲೂಕು ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ಮಾತಾಡುತ್ತಾನೆ, ಪಹಣಿ, ಕ್ರಯಪತ್ರ, ಪೋಲೀಸರ ದೋಷಾರೋಪ ಪಟ್ಟಿ ಕನ್ನಡದಲ್ಲಿರುತ್ತವೆ. ಹಳೆಯ ಕೈಬರಹದ ಕ್ರಯಪತ್ರವನ್ನು ತಡವರಿಸದೆ ಓದಬಲ್ಲ ಜೂನಿಯರನ್ನು ಯಾವ ಸೀನಿಯರೂ ಬಿಟ್ಟುಕೊಡುವುದಿಲ್ಲ. ಇದು ನನ್ನ ಅನುಭವದ ಮಾತು. ನಾನು ಸೇರಿದಾಗ ನನಗೆ ಬರುತ್ತಿದ್ದುದು ಅದೊಂದೇ.

ಹೆಣ್ಣುಮಕ್ಕಳ ದಾರಿ ಇನ್ನೂ ಕಠಿಣವಾಗಿತ್ತು. 1892ರಲ್ಲಿ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆ ಬರೆದ ಮೊದಲ ಮಹಿಳೆ ಕಾರ್ನೀಲಿಯಾ ಸೊರಾಬ್ಜಿಯವರಿಗೆ ವಕೀಲಿ ಮಾಡಲು ಅನುಮತಿಯೇ ಇರಲಿಲ್ಲ. ಪರದೆಯೊಳಗಿನ ಜಮೀನ್ದಾರ ಹೆಂಗಸರ ಆಸ್ತಿಪಾಸ್ತಿ ನೋಡಿಕೊಳ್ಳಲು ಒಬ್ಬ ಮಹಿಳಾ ಸಲಹೆಗಾರ್ತಿ ಬೇಕೆಂದು 1902ರಿಂದ ಸರಕಾರಕ್ಕೆ ಬರೆದೂ ಬರೆದು, 1904ರಲ್ಲಿ ಬಂಗಾಳದಲ್ಲಿ ಆ ಹುದ್ದೆಯನ್ನು ತಾವೇ ಪಡೆದರು. ಇಲ್ಲದ ಹುದ್ದೆಯನ್ನು ಹುಟ್ಟಿಸಿಕೊಳ್ಳುವುದೆಂದರೆ ಇದು. ಹೆಂಗಸರು ವಕೀಲರಾಗಲು ಅಡ್ಡಿಯಿಲ್ಲವೆಂಬ ಕಾಯಿದೆ ಬಂದದ್ದು 1923ರಲ್ಲಿ.

ನಮ್ಮ ನೆರೆಯ ಕೇರಳದ ಎಂ. ಫಾತಿಮಾ ಬೀವಿಯವರನ್ನು ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿದಿರಬೇಕು. 1927ರಲ್ಲಿ ಪತ್ತನಂತಿಟ್ಟದಲ್ಲಿ ಜನನ. ತಂದೆ ನೋಂದಣಿ ಇಲಾಖೆಯ ನೌಕರರು, ವಕೀಲರ ಮನೆತನವೇನಲ್ಲ. ವಿಜ್ಞಾನ ಪದವಿ ಮುಗಿಸಿದ ಮಗಳನ್ನು ಕಾನೂನು ಓದು ಎಂದವರು ತಂದೆಯೇ. ತಿರುವಾಂಕೂರಿನಲ್ಲಿ ಅನ್ನಾ ಚಾಂಡಿ ಎಂಬ ಮಹಿಳೆ 1937ರಲ್ಲೇ ಮುನ್ಸೀಫರಾಗಿದ್ದನ್ನು ಅವರು ಕಂಡಿದ್ದರು. ಬಾರ್ ಕೌನ್ಸಿಲ್ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಚಿನ್ನದ ಪದಕ. 1950ರ ನವೆಂಬರ್ 14ರಂದು ನೋಂದಣಿ. ಅಂಥವರು ಹೈಕೋರ್ಟಿಗೆ ಓಡಲಿಲ್ಲ, ಕೊಲ್ಲಂನ ಕೆಳ ನ್ಯಾಯಾಲಯಗಳಲ್ಲಿ ವಕೀಲಿ ಆರಂಭಿಸಿದರು. 1958ರಲ್ಲಿ ಮುನ್ಸೀಫ್, 1968ರಲ್ಲಿ ಸಬ್ ಜಡ್ಜ್, 1974ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1983ರಲ್ಲಿ ಹೈಕೋರ್ಟ್, 1989ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಮುನ್ಸೀಫರ ಕುರ್ಚಿಯಿಂದ ಅಲ್ಲಿಗೆ 31 ವರ್ಷ, ಒಂದು ಮೆಟ್ಟಿಲೂ ಹಾರಿದ್ದಲ್ಲ. 2023ರ ನವೆಂಬರಿನಲ್ಲಿ ಅವರು ತೀರಿಕೊಂಡರು.

ಕರ್ನಾಟಕದ ಮಾತಿಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟ್ ಆಯಿತು, 1930ರಲ್ಲಿ ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂತು. ಕಾನೂನು ಓದಲು ಮಾತ್ರ ನಮ್ಮ ಅಜ್ಜಂದಿರ ಕಾಲದವರು ಮದರಾಸು, ಮುಂಬಯಿ, ಪುಣೆಗಳಿಗೆ ಹೋಗುತ್ತಿದ್ದರು. ಬೆಳಗಾವಿಯಲ್ಲಿ 1939ರಲ್ಲಿ, ಬೆಂಗಳೂರಿನಲ್ಲಿ 1948ರಲ್ಲಿ ಕಾನೂನು ಕಾಲೇಜು ಬಂತು. 1988ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಐದು ವರ್ಷದ ಕೋರ್ಸ್ ಆರಂಭಿಸಿದ ಮೇಲೆ, ಮುಂದೆ ಉದಾರೀಕರಣವೂ ಬಂದು, ದೊಡ್ಡ ಲಾ ಫರ್ಮುಗಳು ಕಾಲೇಜಿಗೇ ಬಂದು ಆರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಅದು ಕೆಲವೇ ಕಾಲೇಜುಗಳ ಭಾಗ್ಯ. ಉಳಿದವರ ದಾರಿ ಹಳೆಯದೇ. ಮೂಡುಬಿದಿರೆ ಸಮೀಪದ ಬೆಳುವಾಯಿಯ ಎಸ್. ಅಬ್ದುಲ್ ನಝೀರ್ ಅವರು ಮಂಗಳೂರಿನ ಎಸ್.ಡಿ.ಎಂ. ಕಾಲೇಜಿನಲ್ಲಿ ಕಾನೂನು ಓದಿ 1983ರಲ್ಲಿ ನೋಂದಣಿ ಮಾಡಿಸಿಕೊಂಡರು. ಇಪ್ಪತ್ತು ವರ್ಷ ವಕೀಲಿ ಮಾಡಿದ ಮೇಲೆ 2003ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ, 2017ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ.

ಈಗಿನ ಕೆಲವು ಸಂಗತಿಗಳನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇವು ಗೊತ್ತಿಲ್ಲದೆ ಹಣ ಕಳಕೊಂಡವರನ್ನು ನೋಡಿದ್ದೇನೆ. ನೋಂದಣಿಗೆ ರಾಜ್ಯಗಳ ಬಾರ್ ಕೌನ್ಸಿಲ್‌ಗಳು ಹತ್ತಾರು ಸಾವಿರ ವಸೂಲು ಮಾಡುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತಪ್ಪೆಂದಿತು. 1961ರ ವಕೀಲರ ಕಾಯಿದೆಯಲ್ಲಿರುವಂತೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚಿಲ್ಲ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವ ಬೇಕೆಂದು 2025ರ ಮೇ 20ರಂದು ತೀರ್ಪಾಯಿತು. ಕಾಲೇಜಿನಿಂದ ನೇರವಾಗಿ ಪರೀಕ್ಷೆ ಬರೆಯುತ್ತೇನೆಂದು ಕನಸು ಕಂಡವರಿಗೆ ಇದು ಆಘಾತವೇ. ಅರ್ಜಿ ಹಾಕುವ ಮೊದಲು ಆಯಾ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಿರಿ.

ಆ ಮೂರು ವರ್ಷ ಹೊಟ್ಟೆಗೇನು? ಇದೇ ನಿಜವಾದ ಪ್ರಶ್ನೆ. ಹಣವಂತರ ಮಕ್ಕಳು ಕಾಯಬಲ್ಲರು. ಬೀಡಿ ಕಟ್ಟಿ ಓದಿಸಿದ ತಾಯಿಯ ಮಗ ಕಾಯಲಾರ. ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಇಲಾಖೆ ಹೊಸ ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಮಾಸಿಕ ಭತ್ಯೆ ಕೊಡುವ ಯೋಜನೆ ನಡೆಸಿಕೊಂಡು ಬಂದಿದೆ. ಜಿಲ್ಲಾ ಕಚೇರಿಗೆ ನೀವೇ ಹೋಗಿ ಕೇಳಬೇಕು, ಯಾರೂ ಮನೆಗೆ ಬಂದು ಹೇಳುವುದಿಲ್ಲ.

ಇನ್ನೊಂದು ಮಾತು ಸಂಘದ ಸದಸ್ಯರಿಗೆ. ನಾವು ಫೀಸು ಕಟ್ಟುತ್ತೇವೆ, ಪುಸ್ತಕ ಕೊಡುತ್ತೇವೆ, ಪದವಿ ಬಂದ ದಿನ ಶಾಲು ಹೊದಿಸುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಹುಡುಗನಿಗೆ ಕಷ್ಟ ಶುರುವಾಗುವುದೇ ಮರುದಿನದಿಂದ. ನಮ್ಮಲ್ಲಿ ಅಂಗಡಿ, ಗೋದಾಮು, ಶಾಲೆ ನಡೆಸುವವರಿದ್ದಾರೆ. ಬಾಡಿಗೆ ಕರಾರು, ಪಾಲುದಾರಿಕೆ ಪತ್ರ, ಚೆಕ್ಕಿನ ನೋಟೀಸು ಇವು ನಿಮಗೆ ವರ್ಷವಿಡೀ ಬೇಕಾಗುತ್ತವೆ. ಅದರಲ್ಲಿ ಒಂದನ್ನು ಹೊಸ ವಕೀಲನಿಗೆ ಕೊಡಿ, ಹಿರಿಯರೊಬ್ಬರು ತಿದ್ದಲಿ. ದಾದಾ ಅಬ್ದುಲ್ಲಾ ಸೇಠರು ಕೊಟ್ಟದ್ದೂ ಇಂಥದೇ ಕಾಗದಪತ್ರದ ಕೆಲಸ.

ಕಳೆದ ವರ್ಷ ಪ್ರಶ್ನೆ ಕೇಳಿದ್ದ ಹುಡುಗರಲ್ಲೊಬ್ಬ ಈಗ ತಾಲೂಕು ಕೋರ್ಟಿನಲ್ಲಿ ಒಬ್ಬ ಹಿರಿಯರ ಕಚೇರಿಯಲ್ಲಿದ್ದಾನೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೇಸಿನ ಕಟ್ಟುಗಳನ್ನು ಜೋಡಿಸುತ್ತಾನೆ, ವಾಯಿದೆ ಬರೆದುಕೊಳ್ಳುತ್ತಾನೆ. ಮೊನ್ನೆ ಫೋನು ಮಾಡಿ, ಮೊದಲ ಬಾರಿಗೆ ಪಾಟೀಸವಾಲು ಮಾಡಿದೆ ಎಂದ. ಎಷ್ಟು ಪ್ರಶ್ನೆ ಕೇಳಿದೆ ಎಂದೆ. "ನಾಲ್ಕು ಸಾರ್, ಐದನೆಯದು ಮರೆತುಹೋಯಿತು" ಎಂದ.